ಪಕ್ಕದ ಮನೆಗೆ ಬಸ್ಸಿನ ನೆರಳು

ಅಮೆರಿಕದಲ್ಲಿ ಹಳೆಯ ಶಾಲಾ ಬಸ್ಸನ್ನು ಕೊಂಡು, ಆಸನಗಳನ್ನು ಕಿತ್ತು, ಒಳಗೆ ಅಡುಗೆಮನೆ, ಹಾಸಿಗೆ ಕೂಡಿಸಿ ‘ಚಲಿಸುವ ಮನೆ’ ಮಾಡಿಕೊಳ್ಳುವ ಹವ್ಯಾಸಿಗಳಿದ್ದಾರೆ. ಅಲ್ಲಿನವರು ಅದನ್ನು ‘ಸ್ಕೂಲಿ’ ಎನ್ನುತ್ತಾರೆ. ಕೆಲಸ ತಿಂಗಳುಗಟ್ಟಲೆ ಸಾಗುತ್ತದೆ. ಅಷ್ಟು ದಿನ ಸುಮಾರು 12 ಮೀಟರ್ ಉದ್ದದ ಆ ವಾಹನ ನಿಲ್ಲುವುದೆಲ್ಲಿ? ಹೆಚ್ಚಾಗಿ ಮನೆಯ ಪಕ್ಕದಲ್ಲೇ. ಜಗಳ ಹುಟ್ಟುವುದೂ ಅಲ್ಲೇ!

ಗ್ರೈಂಡರ್ ಸದ್ದು ಸಂಜೆಗಾದರೂ ನಿಂತೀತು. ಬಸ್ಸಿನ ನೆರಳು ಮಾತ್ರ ಮರುದಿನ ಮತ್ತೆ ಹಾಜರು. ನ್ಯೂಯಾರ್ಕ್ ಸುಮಾರು 41 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಅಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ 26 ಡಿಗ್ರಿಯಷ್ಟೇ ಮೇಲಿರುತ್ತಾನೆ. ಆಗ 3 ಮೀಟರ್ ಎತ್ತರದ ಬಸ್ಸಿನ ನೆರಳು ಉತ್ತರಕ್ಕೆ 6 ಮೀಟರಿಗೂ ಹೆಚ್ಚು ಚಾಚುತ್ತದೆ. (ಹತ್ತನೇ ತರಗತಿಯವರು 3ನ್ನು ಟ್ಯಾನ್ 26ರಿಂದ ಭಾಗಿಸಿ ತಾಳೆ ನೋಡಿ.) ಕೊರೆಯುವ ಚಳಿಯಲ್ಲಿ ಉತ್ತರದ ಮನೆಯವರ ಕಿಟಕಿಗೆ ಬಿಸಿಲೇ ಇಲ್ಲ. ಬಸ್ಸು ಪೂರ್ವ-ಪಶ್ಚಿಮವಾಗಿ ನಿಂತರೆ ಆ ನಡುಹಗಲ ನೆರಳಿನ ಅಗಲ 12 ಮೀಟರ್. ಉತ್ತರ-ದಕ್ಷಿಣಕ್ಕೆ ತಿರುಗಿಸಿದರೆ ಸುಮಾರು ಎರಡೂವರೆ. ಕಾಸು ಖರ್ಚಿಲ್ಲದ ಪರಿಹಾರ!

ಇನ್ನು ಆ ಹಳದಿ ಬಣ್ಣ. 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರಾಂಕ್ ಸೈರ್ ಕರೆದ ಸಮ್ಮೇಳನದಲ್ಲಿ, ಮುಂಜಾವಿನ ಮಬ್ಬಿನಲ್ಲೂ ಎದ್ದು ಕಾಣಲೆಂದೇ ಆರಿಸಿದ್ದು ಅದು. ಮನೆಯಾದ ಬಸ್ಸಿಗೆ ಹಲವು ರಾಜ್ಯಗಳಲ್ಲಿ ಬೇರೆ ಬಣ್ಣ ಬಳಿಯಲೇಬೇಕು. ಪಕ್ಕದವರ ಕಣ್ಣಿಗೂ ತುಸು ಬಿಡುವು.