ತುರ್ತು ಕಾಲುವೆಯಲ್ಲಿ ಹರಿಗೋಲು: ನಮ್ಮ ನೀರು ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತಿದೆ?

ಕಾಲುವೆಯ ಕೊನೆಯಲ್ಲಿ ಜಮೀನು ಇರೋರಿಗೆ ಒಂದು ಮಾತು ಚೆನ್ನಾಗಿ ಗೊತ್ತು: "ಮೇಲಿನವರು ಬಿಟ್ಟರೆ ತಾನೆ ನಮಗೆ ನೀರು!" ನಮ್ಮ ಮನೆಯದೂ ಅದೇ ಕಥೆ. ಹಂಪಿ ಹತ್ತಿರದ ತುರ್ತು ಕಾಲುವೆಯ ಕೆಳಭಾಗದಲ್ಲಿ ನಮ್ಮದು ಎರಡು ಎಕರೆ ಸುಗಂಧಿ ಬಾಳೆ. ಗೊನೆ ತುಂಬೋ ಹೊತ್ತಿಗೆ ಸರಿಯಾಗಿ ನೀರು ಕೈಕೊಡುತ್ತೆ. ಪಾಳಿ ಬಂದರೂ ತೂಬಿನಲ್ಲಿ ಬರೋದು ಬೆರಳು ಮುಳುಗುವಷ್ಟು.

ಊರಲ್ಲಿ ಇದಕ್ಕೆ ಒಂದೇ ಉತ್ತರ: ಮೇಲಿನವರು ಮೋಟಾರ್ ಹಾಕ್ತಾರೆ. ಹೋದ ವರ್ಷ ಇದೇ ಮಾತಿಗೆ ಎರಡು ಮನೆಯವರು ಕೈಕೈ ಮಿಲಾಯಿಸುವ ಹಂತಕ್ಕೆ ಹೋಗಿದ್ದರು. ಆದರೆ ಕಾಲುವೆಯನ್ನು ಮೇಲಿಂದ ಕೆಳಗಿನ ತನಕ ನೋಡಿದವರು ಯಾರೂ ಇರಲಿಲ್ಲ. ಏರಿ ಮೇಲೆ ಬೈಕಿನಲ್ಲಿ ಹೋದರೆ ಕಾಣೋದು ಜಾಲಿ ಮುಳ್ಳು ಮತ್ತು ಬಾಳೆ ಎಲೆ, ಅಷ್ಟೇ. ಹಾಗಾಗಿ ನೀರು ಹೋಗೋ ದಾರಿಯಲ್ಲೇ, ನೀರಿನ ಜೊತೆಗೇ ಹೋಗಿ ನೋಡೋಣ ಅಂತ ಹೊರಟೆ. ನೀರಾವರಿ ಇಲಾಖೆಯ ಒಪ್ಪಿಗೆ ಕೇಳಿ, ಒಬ್ಬರು ಹಿರಿಯ ಅಂಬಿಗರನ್ನು ಜೊತೆ ಮಾಡಿಕೊಂಡು, ಸಣ್ಣ ಹರಿಗೋಲು ಹತ್ತಿದೆ.

ರಾಜಧಾನಿ ಹೋಯ್ತು, ಕಾಲುವೆ ಉಳೀತು

ಮೊದಲು ಕಾಲುವೆ ಬಗ್ಗೆ ಎರಡು ಮಾತು. ತುಂಗಭದ್ರೆಯಲ್ಲಿ ಸಹಜವಾಗಿ ಇರುವ ಬಂಡೆಗಳ ನಡುವಿನ ಸಂದುಗಳಿಗೆ ದೊಡ್ಡ ಕಲ್ಲು ಕೂರಿಸಿ ಕಟ್ಟಿದ ಅಣೆಕಟ್ಟಿನಿಂದ ತುರ್ತು ಕಾಲುವೆ ಹೊರಡುತ್ತೆ. ಈ ಅಣೆಕಟ್ಟು ನೇರ ಗೆರೆಯಲ್ಲಿಲ್ಲ. ಬಂಡೆ ಎಲ್ಲಿದೆಯೋ ಅಲ್ಲಿಗೆ ತಿರುಗಿಕೊಂಡು ಹೋಗಿದೆ. ಶಾಸನಗಳಲ್ಲಿ ಬರುವ 'ಹಿರಿಯ ಕಾಲುವೆ' ಇದೇ ಅಂತ ವಿದ್ವಾಂಸರು ಗುರುತಿಸುತ್ತಾರೆ. ಹಂಪಿಯ ದೇವಸ್ಥಾನಗಳ ಸಾಲಿಗೂ ಅರಮನೆಗಳಿದ್ದ ಜಾಗಕ್ಕೂ ನಡುವಿನ ತಗ್ಗಿನಲ್ಲಿ ಇದು ಹರಿಯುತ್ತೆ. ಕೃಷ್ಣ ದೇವಸ್ಥಾನದ ಸುತ್ತ ಪ್ರವಾಸಿಗರು ಫೋಟೋ ತೆಗೆಯೋ ಹಸಿರು ಬಾಳೆ ತೋಟಗಳೆಲ್ಲ ಕಾಲುವೆ ನೀರಿನ ಪುಣ್ಯ. ಅಲ್ಲೇ ಇರುವ ಬಡವಿಲಿಂಗದ ಗರ್ಭಗುಡಿಯಲ್ಲಿ ಸದಾ ನೀರು ನಿಂತಿರೋದೂ ಕಾಲುವೆಯ ನೀರೇ.

ವಿಜಯನಗರದವರು ಇಂಥ ಕಾಲುವೆಗಳನ್ನು ಒಂದಲ್ಲ, ಹಲವು ಕಟ್ಟಿದರು. ಬಸವಣ್ಣ ಕಾಲುವೆ 1521ರಲ್ಲಿ ಕೃಷ್ಣದೇವರಾಯನ ಕಾಲದ್ದು. ಅದರ ಮೂಲ ಅಣೆಕಟ್ಟು ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು, ಈಗ ಅದಕ್ಕೆ ಡ್ಯಾಮಿನಿಂದಲೇ ನೀರು. ಆ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ವಿಷಯ ಬರೆದಿದ್ದಾನೆ, ಅದು ರೈತರು ಕೇಳಲೇಬೇಕಾದ್ದು. ಕೃಷ್ಣದೇವರಾಯ ದೊಡ್ಡ ಕೆರೆ ಕಟ್ಟಿಸಿ, ಅದರ ನೀರು ಬೀಳುವ ಭೂಮಿಯನ್ನು ಜನ ಹದ ಮಾಡಿಕೊಳ್ಳಲಿ ಅಂತ 9 ವರ್ಷ ಕಂದಾಯ ಇಲ್ಲದೆ ಬಿಟ್ಟನಂತೆ. ಆಮೇಲೆ ಅಲ್ಲಿಂದ 20,000 ಪರ್ದಾವ್ ಚಿನ್ನದ ನಾಣ್ಯದಷ್ಟು ಆದಾಯ ಬರತೊಡಗಿತಂತೆ. ಕೆರೆ ಕಟ್ಟಿದವರಿಗೆ, ದುರಸ್ತಿ ನೋಡಿಕೊಳ್ಳುವವರಿಗೆ ಭೂಮಿಯಲ್ಲಿ ಪಾಲು ಕೊಡುವ ಪದ್ಧತಿಯೂ ಇತ್ತು. ದಶವಂದ, ಕಟ್ಟುಕೊಡಗೆ ಅಂತ ಶಾಸನಗಳಲ್ಲಿ ಬರೋದು ಅದೇ.

1565ರ ಯುದ್ಧದ ನಂತರ ರಾಜಧಾನಿ ಹಾಳಾಯ್ತು. ಅರಮನೆಗಳಲ್ಲಿ ಉಳಿದಿದ್ದು ಅಡಿಪಾಯ ಮಾತ್ರ. ಕಾಲುವೆ ಮಾತ್ರ ಇವತ್ತಿಗೂ ಹರೀತಿದೆ. ಯಾಕಂದ್ರೆ ಅರಮನೆ ರಾಜನಿಗೆ ಬೇಕಿತ್ತು, ಕಾಲುವೆ ಒಕ್ಕಲಿಗೆ ಬೇಕಿತ್ತು. ಬೇಕಾದವರು ವರ್ಷ ವರ್ಷ ಹೂಳು ತೆಗೆದರು, ಅದಕ್ಕೇ ಉಳೀತು.

ಹರಿಗೋಲೇ ಯಾಕೆ?

ಗೆಳೆಯನೊಬ್ಬ ಗಾಳಿ ತುಂಬೋ ಕಯಾಕ್ ಕೊಡ್ತೀನಿ ಅಂದ. ಅಂಬಿಗ ತಾತ ಒಪ್ಪಲಿಲ್ಲ. "ಜಾಲಿ ಮುಳ್ಳು ಒಂದು ತಾಗಿದ್ರ ಸಾಕು, ಅದು ಟುಸ್ ಅಂತೈತಿ. ನಮ್ಮ ತೆಪ್ಪ ತಗೊಂಡು ಬರ್ತೀನಿ ತಮ್ಮಾ, ನೀ ಸುಮ್ಮನ ಕುಂದ್ರು" ಅಂದರು.

ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹಿಂದೆ ಚರ್ಮ ಹೊದಿಸುತ್ತಿದ್ದರು. ಸುಮಾರು 500 ವರ್ಷದ ಹಿಂದೆ ಪೇಸ್ ಎಂಬ ಇನ್ನೊಬ್ಬ ಪೋರ್ಚುಗೀಸ್, ಆನೆಗೊಂದಿ ದಾಟಲು ಜನ ಬುಟ್ಟಿಯಂಥ ದುಂಡು ದೋಣಿ ಬಳಸುತ್ತಾರೆ, ಅದು ಸುತ್ತುತ್ತಲೇ ಹೋಗುತ್ತೆ ಅಂತ ಬರೆದಿದ್ದ. ಈಗಲೂ ಅದು ಸುತ್ತುತ್ತೆ! ಆದರೆ ತಳ ಚಪ್ಪಟೆ ಇರೋದರಿಂದ ಮೊಣಕಾಲು ಆಳದ ನೀರಲ್ಲೂ ತೇಲುತ್ತೆ. ಗೇಟು, ತಗ್ಗು ಸೇತುವೆ ಬಂದಲ್ಲೆಲ್ಲ ನಾವು ಮೊದಲೇ ಇಳಿದು, ತೆಪ್ಪ ತಲೆ ಮೇಲೆ ಹೊತ್ತು ಏರಿ ಮೇಲಿಂದ ದಾಟಿದೆವು.

ಒಳಗಿಂದ ಕಂಡಿದ್ದು

ನೀರಿನ ಮಟ್ಟದಲ್ಲಿ ಕೂತಾಗ ಕಾಲುವೆಯೇ ಬೇರೆ ಥರ ಕಾಣುತ್ತೆ. ನಾನು ನೋಟ್ ಮಾಡಿಕೊಂಡಿದ್ದು ಇವು:

1. ತಿರುವುಗಳು. ತಿರುವಿನ ಒಳಬದಿಯಲ್ಲಿ ನೀರು ನಿಧಾನ, ಅಲ್ಲಿ ಹೂಳು ಗುಡ್ಡೆ. ಹೊರಬದಿಯಲ್ಲಿ ನೀರು ಜೋರು, ಅಲ್ಲಿ ಏರಿ ಕೊರೆದಿದೆ. ಎರಡು ಕಡೆ ಹಳೇ ಕಲ್ಲಿನ ಕಟ್ಟಡದ ಬುಡದ ಮಣ್ಣೇ ಹೋಗಿತ್ತು. ಮೇಲೆ ನಿಂತವರಿಗೆ ಇದು ಕಾಣೋದೇ ಇಲ್ಲ.

2. ಬಿಲಗಳು. ಏರಿಯ ಒಳಮೈಯಲ್ಲಿ, ನೀರಿನ ಗೆರೆಯ ಹತ್ತಿರ, ಏಡಿ ಮತ್ತು ಹೆಗ್ಗಣದ ಬಿಲ. ತಾತ ಹುಟ್ಟು ಹಾಕೋದು ನಿಲ್ಲಿಸಿ ಒಂದು ಒಣ ಎಲೆ ಬಿಟ್ಟರು. ಎಲೆ ಸುತ್ತಿ ಸುತ್ತಿ ಬಿಲದ ಬಾಯಿಗೇ ಹೋಯ್ತು. "ನೋಡು, ನಿಮ್ಮ ನೀರು ಇಲ್ಲಿ ಇಳಿದು ಹೊಂಟೈತಿ" ಅಂದರು. ಏರಿಯ ಆಚೆ ಬದಿಗೆ ಹೋಗಿ ನೋಡಿದರೆ ಅಲ್ಲಿ ಜೌಗು, ಆಪು ಬೆಳೆದಿತ್ತು.

3. ಸೇತುವೆ ಕೆಳಗಿನ ಕಸ. ಪ್ಲಾಸ್ಟಿಕ್ ಚೀಲ, ಹಳೇ ಡ್ರಿಪ್ ಪೈಪು, ಬಾಳೆ ದಿಂಡು, ಪೂಜೆ ಸಾಮಾನು. ಒಂದು ಕಡೆ ಸೇತುವೆಯ ಕಿಂಡಿ ಅರ್ಧಕ್ಕರ್ಧ ಮುಚ್ಚಿತ್ತು. ಬಾಳೆ ದಿಂಡು ನಮ್ಮಂಥ ಬಾಳೆ ಬೆಳೆಗಾರರೇ ಎಸೆದದ್ದು ಅಂತ ಬೇರೆ ಹೇಳಬೇಕಿಲ್ಲ.

4. ಪೈಪುಗಳು. ಹೌದು, ಮೋಟಾರ್ ಪೈಪೂ ಇದ್ದವು. ಇಲ್ಲ ಅಂತ ಹೇಳಲ್ಲ. ಆದರೆ ಊರಲ್ಲಿ ಹೇಳುವ ಹಾಗೆ ಬರೀ ಅವೇ ಅಲ್ಲ.

ಇವೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ. ಕಸ ನೀರನ್ನು ತಡೆಯುತ್ತೆ, ನಿಧಾನವಾದ ನೀರು ಹೂಳು ಬಿಡುತ್ತೆ, ಹೂಳಿನ ಮೇಲೆ ಜೊಂಡು ಬರುತ್ತೆ, ಜೊಂಡು ನೀರನ್ನು ಇನ್ನೂ ನಿಧಾನ ಮಾಡುತ್ತೆ. ಮೇಲ್ಭಾಗದಲ್ಲಿ ನೀರು ಏರಿ, ಬಿಲಗಳಲ್ಲಿ ಸೋರುತ್ತೆ. ಕೊನೆಯವನ ಗೊನೆ ಸಣ್ಣದಾಗುತ್ತೆ.

ಮೊಬೈಲ್ ಇದ್ದರೆ ನೀರು ಅಳೆಯಬಹುದು

ಜಗಳಕ್ಕಿಂತ ಲೆಕ್ಕ ಒಳ್ಳೇದು. ಇದಕ್ಕೆ ತೆಪ್ಪ ಬೇಕಿಲ್ಲ. ಒಂದು ಕಿತ್ತಳೆ ಹಣ್ಣು, ಟೇಪು, ಮೊಬೈಲಿನ ಸ್ಟಾಪ್‌ವಾಚ್ ಸಾಕು.

ಕಾಲುವೆ ನೇರ ಇರುವ ಕಡೆ 20 ಮೀಟರ್ ಗುರುತು ಮಾಡಿ. ಅಗಲ ಅಳೆಯಿರಿ. ಸೇತುವೆ ಮೇಲಿಂದ ಕೋಲು ಇಳಿಸಿ ನಾಲ್ಕೈದು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ನಡುನೀರಿಗೆ ಹಣ್ಣು ಬಿಟ್ಟು ಎಷ್ಟು ಸೆಕೆಂಡಿಗೆ 20 ಮೀಟರ್ ದಾಟಿತು ಅಂತ ಮೂರು ಸಲ ನೋಡಿ. ಮೇಲ್ಮೈ ನೀರು ತಳದ ನೀರಿಗಿಂತ ವೇಗ, ಹಾಗಾಗಿ ವೇಗವನ್ನು 0.85ರಿಂದ ಗುಣಿಸಬೇಕು.

ಉದಾಹರಣೆಗೆ: ಅಗಲ 4 ಮೀಟರ್, ಆಳ 0.8 ಮೀಟರ್ ಅಂದ್ರೆ 3.2 ಚದರ ಮೀಟರ್. ಹಣ್ಣು 50 ಸೆಕೆಂಡಿಗೆ ದಾಟಿದರೆ ವೇಗ ಸೆಕೆಂಡಿಗೆ 0.4 ಮೀಟರ್, 0.85ರಿಂದ ಗುಣಿಸಿದರೆ 0.34. ಈಗ 3.2 × 0.34 = 1.09 ಘನ ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 1,090 ಲೀಟರ್, ಸುಮಾರು 38 ಕ್ಯೂಸೆಕ್.

ಅದೇ ದಿನ ಒಂದೆರಡು ಕಿಲೋಮೀಟರ್ ಕೆಳಗೆ ಮತ್ತೆ ಅಳೆಯಿರಿ. ಅಲ್ಲಿ 800 ಲೀಟರ್ ಬಂತು, ನಡುವಿನ ತೂಬುಗಳಿಗೆ ನ್ಯಾಯವಾಗಿ 150 ಲೀಟರ್ ಹೋಗಿದೆ ಅಂತಿಟ್ಟುಕೊಳ್ಳಿ. ಉಳಿದ 140 ಲೀಟರ್‌ಗೆ ಲೆಕ್ಕ ಇಲ್ಲ. ಗಂಟೆಗೆ 5 ಲಕ್ಷ ಲೀಟರ್ ಆಯ್ತು! ಕಲ್ಲು ಮಣ್ಣಿನ ಕಾಲುವೆಯಲ್ಲಿ ಒಂದಿಷ್ಟು ಇಂಗೋದು ಸಹಜ, ಅದು ಅಕ್ಕಪಕ್ಕದ ಬಾವಿಗೆ ಸೇರುತ್ತೆ. ಆದರೆ ಒಂದೇ ತುಂಡಿನಲ್ಲಿ ಇಷ್ಟು ಹೋಗುತ್ತಿದ್ದರೆ ಅಲ್ಲಿ ಬಿಲವೋ ಪೈಪೋ ಇದೆ ಅಂತ ಅರ್ಥ.

ಆಮೇಲೆ ಏನಾಯ್ತು?

ಫೋಟೋಗಳನ್ನು ಲೊಕೇಶನ್ ಸಮೇತ ನೀರು ಬಳಕೆದಾರರ ಸಂಘದ ಸಭೆಯಲ್ಲಿ ತೋರಿಸಿದೆ. ಮೇಲಿನವರೂ ಬಂದಿದ್ದರು. ಮೋಟಾರ್ ಮಾತಿನಿಂದ ಶುರು ಮಾಡಿದ್ದರೆ ಅಲ್ಲೇ ಎದ್ದು ಹೋಗುತ್ತಿದ್ದರೋ ಏನೋ. ಬಿಲದ ಫೋಟೋ ನೋಡಿ, "ಇದು ನಮ್ಮ ಹೊಲದ ಬದು ಅಲ್ಲೇನು? ಅದಕ್ಕ ಅಲ್ಲಿ ಜೌಗು ಆಗೈತಿ" ಅಂತ ಒಬ್ಬ ಕಾಕಾ ಅಂದರು. ಸೋರಿಕೆ ಅವರಿಗೂ ನಷ್ಟವೇ ಆಗಿತ್ತು.

ನೀರು ನಿಲ್ಲಿಸಿದ ಅವಧಿಯಲ್ಲಿ ಹನ್ನೊಂದು ಮನೆಯವರು ಸೇರಿ ಸೇತುವೆ ಕಿಂಡಿ ಬಿಡಿಸಿದೆವು, ಬಿಲ ಅಗೆದು ಜಿಗುಟು ಮಣ್ಣು ತುಂಬಿ ಗುದ್ದಿದೆವು. ಕಲ್ಲಿನ ಕಟ್ಟಡಕ್ಕೆ ನಾವು ಕೈ ಹಾಕಲಿಲ್ಲ. ಅದು ಪಾರಂಪರಿಕ ಜಾಗ, ಇಲಾಖೆಗೆ ಅರ್ಜಿ ಕೊಟ್ಟಿದ್ದೇವೆ. ಮುಂದಿನ ಪಾಳಿಯಲ್ಲಿ ನಮ್ಮ ತೂಬಿಗೆ ನೀರು ಒಂದು ದಿನ ಮೊದಲೇ ಬಂತು. ಪೈಪಿನ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಆದರೆ ಈಗ ಕೂತು ಮಾತಾಡ್ತಿದ್ದೇವೆ.

ನೀವು ಮಾಡಬಹುದಾದ್ದು

- ತಿರುವಿನ ಒಳಬದಿ ಹೂಳು ತೆಗೆಯಿರಿ, ಹೊರಬದಿ ಗಟ್ಟಿ ಮಾಡಿ.
- ತೆಗೆದ ಹೂಳನ್ನು ಏರಿ ಅಂಚಿಗೆ ಹಾಕಬೇಡಿ, ಮಳೆಗೆ ಮತ್ತೆ ಕಾಲುವೆಗೇ ಇಳಿಯುತ್ತೆ. ಮಣ್ಣು ಪರೀಕ್ಷೆ ಮಾಡಿಸಿ ಮರಳು ಭೂಮಿಗೆ ಹೊಡೆಯಿರಿ.
- ಬಾಳೆ ದಿಂಡನ್ನು ಕತ್ತರಿಸಿ ತೋಟದಲ್ಲೇ ಮುಚ್ಚಿಗೆ ಮಾಡಿ. ತೇವ ಉಳಿಯುತ್ತೆ, ಗೊಬ್ಬರವೂ ಆಗುತ್ತೆ.
- ನೀರು ಬಳಕೆದಾರರ ಸಹಕಾರ ಸಂಘದ ಸದಸ್ಯರಾಗಿ. ಒಬ್ಬರ ಅರ್ಜಿಗಿಂತ ಸಂಘದ ಅರ್ಜಿಗೆ ತೂಕ ಹೆಚ್ಚು.
- ಏರಿ ಒಡೆಯೋದು, ಅಕ್ರಮ ಪೈಪು ಹಾಕೋದು ಕರ್ನಾಟಕ ನೀರಾವರಿ ಕಾಯ್ದೆ ಪ್ರಕಾರ ಅಪರಾಧ.

ಒಂದು ಎಚ್ಚರಿಕೆ ಇದೆ. ರೀಲ್ಸ್ ಮಾಡೋಕೆ ಅಂತ ಯಾರೂ ಕಾಲುವೆಗೆ ಇಳಿಯಬೇಡಿ. ನಾವು ಹೋಗಿದ್ದು ಹರಿವು ಕಡಿಮೆ ಇದ್ದ ದಿನ, ಲೈಫ್ ಜಾಕೆಟ್ ಹಾಕಿಕೊಂಡು, ನೀರು ಬಲ್ಲವರ ಜೊತೆ. ಸಿಮೆಂಟ್ ಹಾಕಿದ ಕಾಲುವೆಯಲ್ಲಿ ಪಾಚಿ ಜಾರುತ್ತೆ, ಬಿದ್ದರೆ ಈಜು ಬಂದವರಿಗೂ ಹತ್ತಲು ಹಿಡಿತ ಸಿಗಲ್ಲ. ತುಂಗಭದ್ರಾ ನದಿಗೆ ಇಳಿಯೋದಾದರೂ ಕೇಳಿಯೇ ಇಳಿಯಿರಿ. ಡ್ಯಾಮಿನ ಕೆಳಗಿಂದ ಕಂಪ್ಲಿ ತನಕದ ನದಿ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ.

ತೆಪ್ಪ ಇಲ್ಲದಿದ್ದರೂ ಪರವಾಗಿಲ್ಲ. ಈ ವಾರ ನಿಮ್ಮ ತೂಬಿನಿಂದ ಮೇಲಕ್ಕೆ ಒಂದು ಕಿಲೋಮೀಟರ್ ಏರಿ ಮೇಲೆ ನಡೆಯಿರಿ. ಏರಿಯ ಹೊರಬದಿ ಎಲ್ಲಿ ಹಸಿಯಾಗಿದೆ, ಎಲ್ಲಿ ಆಪು ಬೆಳೆದಿದೆ ನೋಡಿ. ಅಲ್ಲೊಂದು ಫೋಟೋ ತೆಗೆಯಿರಿ, ಆ ಹೊಲದವರನ್ನೇ ಮೊದಲು ಮಾತಾಡಿಸಿ.