ದನದ ಡಾಕ್ಟರಾಗುವುದಕ್ಕೆ ಮೊದಲು

ನೀಟ್ ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರದಲ್ಲಿ ನಮ್ಮವರ ಚಾಳುಗಳಲ್ಲಿಯೂ ಹೊಟೇಲುಗಳ ಗಲ್ಲಾದ ಬಳಿಯಲ್ಲಿಯೂ ಒಂದು ಬಗೆಯ ಮಾತುಕತೆ ನಡೆಯುವುದುಂಟು. ಹುಡುಗನಿಗೋ ಹುಡುಗಿಗೋ ಎಂ.ಬಿ.ಬಿ.ಎಸ್. ಸ್ಥಾನ ದೊರೆಯುವಷ್ಟು ಅಂಕ ಬಂದಿರುವುದಿಲ್ಲ. ಖಾಸಗಿ ಕಾಲೇಜಿನ ಶುಲ್ಕ ತೆರುವ ಶಕ್ತಿ ತಂದೆಗಿರುವುದಿಲ್ಲ. ಆಗ ಹಿತೈಷಿಗಳೊಬ್ಬರು "ವೆಟರ್ನರಿ ಇದೆಯಲ್ಲ ಮಾರಾಯರೇ, ಅದೂ ಡಾಕ್ಟರೇ" ಎನ್ನುವರು. ಮರುದಿನವೇ ಅರ್ಜಿ ಹೋಗುವುದು. ಹಸುವಿನ ಕೆಚ್ಚಲನ್ನು ಎಂದಾದರೂ ಮುಟ್ಟಿದ್ದೀಯಾ ಎಂದು ಮಗುವನ್ನು ಯಾರೂ ಕೇಳುವುದಿಲ್ಲ.

ಕಾಲೇಜಿನವರೂ ಕೇಳುವುದಿಲ್ಲ. ಮಹಾರಾಷ್ಟ್ರದಲ್ಲಿ ಪಶುವೈದ್ಯ ಪದವಿಯ ಸ್ಥಾನಗಳು ನೀಟ್ ಅಂಕಗಳ ಮೇಲೆ ಹಂಚಲ್ಪಡುತ್ತವೆ. ದೇಶದ ಪಶುವೈದ್ಯ ಕಾಲೇಜುಗಳ ಶೇಕಡಾ 15ರಷ್ಟು ಸ್ಥಾನಗಳನ್ನು ಭಾರತೀಯ ಪಶುವೈದ್ಯ ಪರಿಷತ್ತು ಅದೇ ಅಂಕಗಳ ಆಧಾರದಿಂದ ತುಂಬಿಸುತ್ತದೆ. ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರದ ಮೂಲಕ ರ‍್ಯಾಂಕಿನ ಮೇಲೆ ಪ್ರವೇಶ ನಡೆಯುತ್ತ ಬಂದಿದೆ. ಅಭ್ಯರ್ಥಿಯ ಮುಖವನ್ನು ನೋಡಿ ನಾಲ್ಕು ಮಾತಾಡಿಸುವ ಪದ್ಧತಿ ಇಲ್ಲಿಲ್ಲ. ಇದನ್ನು ದೋಷವೆಂದು ನಾವು ಹೇಳುವುದಿಲ್ಲ. ಸಂದರ್ಶನವೆಂದರೆ ಶಿಫಾರಸು, ಶಿಫಾರಸೆಂದರೆ ದೊಡ್ಡವರ ಪರಿಚಯ ಎಂಬ ಅನುಭವವುಳ್ಳ ದೇಶದಲ್ಲಿ, ಹೊಟೇಲು ಕಾರ್ಮಿಕನ ಮಗನಿಗೆ ಅಂಕಪಟ್ಟಿಯೇ ಸೋದರಮಾವ. ಆದರೆ ಯಾರೂ ಕೇಳದಿದ್ದುದರಿಂದ ಕೆಲವು ಪ್ರಶ್ನೆಗಳು ಕೇಳದೆಯೇ ಉಳಿದುಹೋಗುತ್ತವೆ. ಮೂರನೆಯ ವರ್ಷದಲ್ಲಿ, ಭುಜದವರೆಗೆ ಕೈಗವಸು ತೊಟ್ಟು ಹಸುವಿನ ಹಿಂದೆ ನಿಂತಾಗ, ಅವು ಒಮ್ಮೆಗೇ ಎದುರಾಗುತ್ತವೆ.

ಆ ಪ್ರಶ್ನೆಗಳನ್ನು ಮೊದಲೇ ಕೇಳುವ ದೇಶಗಳುಂಟು. ಬ್ರಿಟನ್ ಅವುಗಳಲ್ಲೊಂದು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 1791ರಲ್ಲಿ ಸ್ಥಾಪಿತವಾದುದು. ಅದಕ್ಕೂ ಮೂವತ್ತು ವರ್ಷ ಮೊದಲು, 1761ರಲ್ಲಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ಲೋದ್ ಬುರ್ಗೆಲಾ ಎಂಬವನು ಜಗತ್ತಿನ ಪ್ರಥಮ ಪಶುವೈದ್ಯ ಶಾಲೆಯನ್ನು ತೆರೆದಿದ್ದನು. ಯುರೋಪಿನ ದನಗಳನ್ನು ಊರೂರುಗಳಲ್ಲಿ ಮಲಗಿಸುತ್ತಿದ್ದ ದೊಡ್ಡರೋಗವೇ ಆ ಶಾಲೆ ಹುಟ್ಟುವುದಕ್ಕೆ ಮುಖ್ಯ ಕಾರಣ. ಆ ರೋಗವು ಭೂಮಿಯಿಂದ ನಿರ್ಮೂಲವಾಯಿತೆಂದು ಘೋಷಣೆಯಾದುದು 2011ರಲ್ಲಿ. ಸಿಡುಬಿನ ಅನಂತರ ಮನುಷ್ಯನು ಸಂಪೂರ್ಣವಾಗಿ ಅಳಿಸಿದ ಎರಡನೆಯ ರೋಗವದು.

ಬ್ರಿಟನ್ನಿನಲ್ಲಿ ಪಶುವೈದ್ಯ ಶಾಲೆ ಸೇರಬಯಸುವವನು ಹಿಂದಿನ ವರ್ಷದ ಅಕ್ಟೋಬರ್ 15ರೊಳಗೆ ಅರ್ಜಿ ಹಾಕಬೇಕು. ನಾಲ್ಕಕ್ಕಿಂತ ಹೆಚ್ಚು ಪಶುವೈದ್ಯ ಶಾಲೆಗಳನ್ನು ಸೂಚಿಸುವಂತಿಲ್ಲ. ಅಂಕಗಳಲ್ಲಿ ಗೆದ್ದವರನ್ನು ಸಾಮಾನ್ಯವಾಗಿ ಚಳಿಗಾಲದ ತಿಂಗಳುಗಳಲ್ಲಿ ಸಂದರ್ಶನಕ್ಕೆ ಕರೆಯುವರು. ಒಂದೇ ಮೇಜಿನ ಹಿಂದೆ ಮೂವರು ಹಿರಿಯರು ಕುಳಿತು ಪ್ರಶ್ನಿಸುವ ಹಳೆಯ ಕ್ರಮ ಹಲವೆಡೆ ಹೋಗಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯವು ವೈದ್ಯ ವಿದ್ಯಾರ್ಥಿಗಳ ಆಯ್ಕೆಗಾಗಿ ಈ ಶತಮಾನದ ಆರಂಭದಲ್ಲಿ ರೂಪಿಸಿದ ಕ್ರಮವೊಂದನ್ನು ಈಗ ಅನೇಕ ಶಾಲೆಗಳು ಅನುಸರಿಸುತ್ತವೆ. ಸಾಲಾಗಿ ಹಲವು ಮೇಜುಗಳು. ಒಂದೊಂದರಲ್ಲಿ ಒಬ್ಬೊಬ್ಬ ಪರೀಕ್ಷಕ. ಕೆಲವೇ ನಿಮಿಷಗಳ ಅವಕಾಶ. ಸಮಯ ಮುಗಿಯಿತೆಂಬ ಸೂಚನೆಯಾದೊಡನೆ ಎದ್ದು ಮುಂದಿನ ಮೇಜಿಗೆ ನಡೆಯಬೇಕು. ಒಂದು ಕಡೆ ತಡವರಿಸಿದರೂ ಮತ್ತೊಂದು ಕಡೆ ಹೊಸದಾಗಿ ಆರಂಭಿಸಬಹುದು ಎಂಬುದೇ ಇದರ ಉಪಕಾರ.

ಆ ಮೇಜುಗಳ ಮೇಲೆ ಏನಿರಬಹುದು? ಒಂದರಲ್ಲಿ ಪ್ರಾಣಿಯ ತಲೆಬುರುಡೆ ಇಟ್ಟು "ಇದನ್ನು ವರ್ಣಿಸು" ಎನ್ನಬಹುದು. ಪ್ರಾಣಿಯ ಹೆಸರು ಗೊತ್ತಿರಲೇಬೇಕೆಂದಿಲ್ಲ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಹಿಂಬದಿಯ ಹಲ್ಲುಗಳು ಅರೆಯುವ ಕಲ್ಲಿನಂತೆ ಚಪ್ಪಟೆ, ಕಣ್ಣುಗಳು ಪಕ್ಕಕ್ಕಿವೆ. ಆದುದರಿಂದ ಇದು ಹುಲ್ಲು ಮೇಯುವ, ಬೇಟೆಗಾರರಿಗೆ ಹೆದರಿ ಸುತ್ತಲೂ ನೋಡುತ್ತಿರಬೇಕಾದ ಪ್ರಾಣಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳಿದರೆ ಸಾಕು. ಊರಿನ ಹಟ್ಟಿಯಲ್ಲಿ ದನದ ಬಾಯಿಯನ್ನು ಒಮ್ಮೆ ತೆರೆದು ನೋಡಿದವನಿಗೆ ಇದು ಪಾಠವೇ ಅಲ್ಲ. ಇನ್ನೊಂದು ಮೇಜಿನಲ್ಲಿ ಲೆಕ್ಕ: 60 ಕಿಲೋ ತೂಗುವ ಕರುವಿಗೆ ಕಿಲೋ ಒಂದಕ್ಕೆ 5 ಮಿಲಿಗ್ರಾಂ ಔಷಧ ಕೊಡಬೇಕು, ಬಾಟಲಿಯ ಒಂದು ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಇದೆ, ಎಷ್ಟು ಮಿಲಿಲೀಟರ್ ಚುಚ್ಚುವೆ? ಗುಮಾಸ್ತರ ಮಕ್ಕಳು ಆರು ಎಂದು ಬಾಯಲ್ಲೇ ಹೇಳಿಯಾರು. ಆದರೆ ದಶಮಾಂಶ ಬಿಂದು ಒಂದು ಸ್ಥಾನ ತಪ್ಪಿದರೆ ಕರು ಸಾಯುತ್ತದೆಂಬುದನ್ನೂ ಹೇಳಿ, ಉತ್ತರವನ್ನು ಮತ್ತೊಮ್ಮೆ ತಾಳೆ ನೋಡುವವನನ್ನು ಅವರು ಮೆಚ್ಚುವರು.

ಎಲ್ಲೆಡೆಯೂ ತಪ್ಪದೆ ಬರುವ ಪ್ರಶ್ನೆ ಒಂದೇ: ಪಶುವೈದ್ಯನೇ ಏಕಾಗಬೇಕು? "ನನಗೆ ಪ್ರಾಣಿಗಳೆಂದರೆ ಪ್ರೀತಿ" ಎಂಬ ಉತ್ತರವು ಪರೀಕ್ಷಕರ ಕಿವಿಯಲ್ಲಿ ಸವೆದುಹೋದ ನಾಣ್ಯ. ಹಾಗಾದರೆ ಮೃಗಾಲಯದ ಕಾವಲುಗಾರನಾಗು, ನಾಯಿ ಸಾಕು ಎಂಬ ಮರುಪ್ರಶ್ನೆ ಸಿದ್ಧವಿರುವುದು. ಜೇಮ್ಸ್ ಹೆರಿಯಟ್ ಎಂಬ ಹೆಸರಿನಿಂದ ಯಾರ್ಕ್‌ಶೈರಿನ ಪಶುವೈದ್ಯ ಜೇಮ್ಸ್ ಆಲ್ಫ್ರೆಡ್ ವೈಟ್ ಅವರು ಬರೆದ ಕಥೆಗಳನ್ನು ಓದಿ ಮನಸೋತೆನೆಂಬ ಉತ್ತರವೂ ಅಷ್ಟೇ ಹಳೆಯದು. ಅವರು ಕೇಳಬಯಸುವುದು ಅಭ್ಯರ್ಥಿಯು ಏನನ್ನು ಕಣ್ಣಾರೆ ಕಂಡನು, ಕೈಯಾರೆ ಏನು ಮಾಡಿದನು, ಅದರಲ್ಲಿ ಯಾವುದು ಅವನಿಗೆ ಸಹ್ಯವಾಗಲಿಲ್ಲ ಎಂಬುದನ್ನು. ಹಾಲಿನ ಡೈರಿಯಲ್ಲಿ, ಕುರಿ ಸಾಕುವವರಲ್ಲಿ, ಪಶುವೈದ್ಯನ ಚಿಕಿತ್ಸಾಲಯದಲ್ಲಿ ಕೆಲವು ದಿನ ದುಡಿದು ಬಂದಿರಬೇಕೆಂದು ಅಲ್ಲಿ ನಿರೀಕ್ಷಿಸುವರು. ಕಸಾಯಿಖಾನೆಯನ್ನು ನೋಡಿ ಬಂದವರೂ ಉಂಟು. ಎರಡು ವಾರ ಸಗಣಿ ಬಾಚಿ, ಮೂರನೆಯ ಹಸು ಹಿಂಗಾಲು ಎತ್ತಿ ಇಡುತ್ತಿದ್ದುದನ್ನು ಗಮನಿಸಿ ಯಜಮಾನನಿಗೆ ತಿಳಿಸಿದೆನೆಂಬ ಹುಡುಗನ ಮುಂದೆ ಇಪ್ಪತ್ತು ಪುಸ್ತಕ ಓದಿದವನು ಮಂಕಾಗುವನು.

ಇಲ್ಲಿ ನಮ್ಮವರ ಮಕ್ಕಳು ತಲೆ ತಗ್ಗಿಸಬೇಕಾದ ಕಾರಣವಿಲ್ಲ. ಸಿಟ್ಟಿಗೆದ್ದ ಅಥವಾ ಕಂಗೆಟ್ಟ ವ್ಯಕ್ತಿಯೊಬ್ಬನನ್ನು ಸಮಾಧಾನಪಡಿಸಿದ ಸಂದರ್ಭವೊಂದನ್ನು ಹೇಳು ಎಂಬ ಪ್ರಶ್ನೆಯೂ ಅಲ್ಲಿ ಸಾಮಾನ್ಯ. ನಾಯಿಯ ಒಡತಿಯಂತೆ ಅಳುವ ನಟಿಯೊಬ್ಬಳನ್ನು ಎದುರಿಗೆ ಕೂಡಿಸಿ, ಆಕೆಯೊಡನೆ ಮಾತಾಡೆಂದು ಹೇಳುವುದೂ ಉಂಟು. ರಜೆಯಲ್ಲಿ ತಂದೆಯ ಪಕ್ಕ ಗಲ್ಲಾದಲ್ಲಿ ಕುಳಿತು, ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಸಾಂಬಾರು ತಣ್ಣಗಿದೆಯೆಂದು ಗದರಿಸುವ ಗಿರಾಕಿಯನ್ನು ನಗುಮುಖದಿಂದ ಕಳುಹಿಸಿದ ಹುಡುಗನ ಬಳಿ ಈ ಪ್ರಶ್ನೆಗೆ ಉತ್ತರ ಹತ್ತಿವೆ. ನಸುಕಿನ ನಾಲ್ಕು ಗಂಟೆಗೆ ಎದ್ದು ಒಲೆ ಹೊತ್ತಿಸುವ ಮನೆತನದವನು, ರಾತ್ರಿ ಎರಡಕ್ಕೆ ಕರೆ ಬಂದರೆ ಎದ್ದು ಹೋಗಬಲ್ಲೆನೆಂದರೆ ನಂಬುವುದಕ್ಕೆ ಆಧಾರವಿದೆ.

ಕಠಿಣ ಪ್ರಶ್ನೆಗಳು ಬೇರೆ ಇವೆ. ಆರೋಗ್ಯವಾಗಿರುವ ನಾಯಿಯನ್ನು ಹಿಡಿದು ತಂದ ಒಡೆಯನು, ಬೇರೆ ದೇಶಕ್ಕೆ ಹೋಗುತ್ತೇನೆ, ಇದಕ್ಕೆ ದಯಾಮರಣ ಕೊಡಿ ಎನ್ನುತ್ತಾನೆ, ನೀನೇನು ಮಾಡುವೆ? ಇಂಗ್ಲೆಂಡಿನಲ್ಲಿ ದನಗಳ ಕ್ಷಯರೋಗವನ್ನು ತಡೆಯಲು 2013ರಿಂದ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿಗಳನ್ನು ಕೊಲ್ಲತೊಡಗಿದ್ದು ಸರಿಯೇ? 2001ರಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ ಆ ದೇಶದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಪಶುಗಳನ್ನು ಕೊಂದರು. ಅಂಥ ಆಜ್ಞೆಗೆ ನೀನು ರುಜು ಹಾಕುವೆಯಾ? ನಮ್ಮ ನೆಲಕ್ಕೆ ಇಳಿಸಿ ಕೇಳುವುದಾದರೆ, ಒಂದೇ ಮಿಶ್ರತಳಿ ಹಸುವನ್ನು ನಂಬಿ ಬದುಕುವ ವಿಧವೆಯ ಹಸು ಕೆಚ್ಚಲು ಬಾವಿನಿಂದ ನರಳುತ್ತಿದೆ. ಔಷಧದ ಖರ್ಚು ಅವಳ ತಿಂಗಳ ಹಾಲಿನ ಹಣಕ್ಕಿಂತ ಹೆಚ್ಚು. ಅವಳಿಗೆ ಏನು ಹೇಳುವೆ? ಇವುಗಳಿಗೆ ಒಂದೇ ಸರಿಯುತ್ತರವಿಲ್ಲ. ಪ್ರಾಣಿಯ ನೋವು, ಒಡೆಯನ ಕೈಚೀಲ, ಕಾನೂನು, ನೆರೆಕರೆಯವರ ಆರೋಗ್ಯ, ಈ ನಾಲ್ಕನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಾನೆಯೋ, ಅಥವಾ ಮೊದಲು ನಾಲಗೆಗೆ ಬಂದುದನ್ನು ಹಟದಿಂದ ಸಾಧಿಸುತ್ತಾನೆಯೋ ಎಂಬುದನ್ನು ಪರೀಕ್ಷಕರು ನೋಡುವರು. ಬ್ರಿಟನ್ನಿನ ಬ್ರಾಂಬೆಲ್ ಸಮಿತಿಯ 1965ರ ವರದಿಯಿಂದ ಬೆಳೆದು ಬಂದು, 1979ರಲ್ಲಿ ಖಚಿತ ರೂಪ ಪಡೆದ ಐದು ಸ್ವಾತಂತ್ರ್ಯಗಳು ಇಲ್ಲಿ ಊರುಗೋಲಾಗುತ್ತವೆ: ಹಸಿವೆ ಬಾಯಾರಿಕೆಗಳಿಂದ, ಇಕ್ಕಟ್ಟಿನ ವಾಸದಿಂದ, ನೋವು ಗಾಯ ರೋಗಗಳಿಂದ, ಭಯ ಸಂಕಟಗಳಿಂದ ಬಿಡುಗಡೆ; ಜೊತೆಗೆ ತನ್ನ ಸಹಜ ಸ್ವಭಾವದಂತೆ ನಡೆದುಕೊಳ್ಳುವ ಅವಕಾಶ.

ಪಶುವೈದ್ಯನೆಂದರೆ ಪಶುವಿಗೆ ಮಾತ್ರ ವೈದ್ಯನಲ್ಲವೆಂಬುದನ್ನು ಬಲ್ಲ ಅಭ್ಯರ್ಥಿಗೆ ಪರೀಕ್ಷಕರಲ್ಲಿ ವಿಶೇಷ ಗೌರವ. ನಮ್ಮ ವಾಚಕರಲ್ಲಿ ಬಹುಮಂದಿ ದಿನವೂ ಹಾಲಿನೊಡನೆ ವ್ಯವಹರಿಸುವವರು. ಅವರಿಗಿದು ಬೇಗ ಅರ್ಥವಾಗುವುದು. ಕಾಯಿಸದ ಹಾಲಿನಿಂದ ದನದ ಕ್ಷಯವೂ ಬ್ರುಸೆಲ್ಲೋಸಿಸ್ ಎಂಬ ಜ್ವರವೂ ಮನುಷ್ಯನಿಗೆ ದಾಟಬಲ್ಲವು. ಹೆಪ್ಪು ಹಾಕಿದ ಹಾಲು ಕೆಲವು ದಿನ ಮೊಸರಾಗದೆ ನೀರು ನೀರಾಗಿ ಉಳಿದಾಗ ಅಡುಗೆಯ ಭಟ್ಟರು ಹವೆಯನ್ನು ಬೈಯುವುದುಂಟು. ಹವೆಯೂ ಕಾರಣವಿರಬಹುದು, ಆದರೆ ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಚುಚ್ಚಿಸಿಕೊಂಡ ಹಸುವಿನ ಹಾಲನ್ನು ನಿಷೇಧದ ದಿನಗಳು ಕಳೆಯುವ ಮೊದಲೇ ಕ್ಯಾನಿಗೆ ಸುರಿದಿದ್ದರೂ ಹೆಪ್ಪಿನ ಜೀವಾಣುಗಳು ಸತ್ತು ಮೊಸರು ಕೂಡುವುದಿಲ್ಲ. ಸಂದರ್ಶನದಲ್ಲಿ ಔಷಧಗಳ ದುರ್ಬಳಕೆಯ ಪ್ರಶ್ನೆ ಬಂದಾಗ, ತಂದೆಯ ಹೊಟೇಲಿನ ಈ ಒಂದು ಪಾತ್ರೆಯಿಂದ ಉತ್ತರವನ್ನು ಆರಂಭಿಸುವ ಹುಡುಗಿಯನ್ನು ಯಾವ ಪರೀಕ್ಷಕನೂ ಮರೆಯಲಾರನು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಉಣ್ಣೆಗಳ ಮೂಲಕ ಜನರಿಗೆ ಜ್ವರ ತಗಲಿ, ಆ ಊರಿನ ಹೆಸರೇ ರೋಗದ ಹೆಸರಾಗಿ ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿದುದನ್ನೂ ನಮ್ಮ ಮಕ್ಕಳು ತಿಳಿದಿರತಕ್ಕದ್ದು.

ಹಾಗೆಂದು ಎಲ್ಲರೂ ಲಂಡನ್ನಿಗೆ ಅರ್ಜಿ ಹಾಕಿರೆಂದು ನಾವು ಹೇಳುತ್ತಿಲ್ಲ. ವಿದೇಶೀ ವಿದ್ಯಾರ್ಥಿಯ ಶುಲ್ಕ ಬಹು ಭಾರವಾದುದು. ಅಮೆರಿಕದಲ್ಲಂತೂ ಸಾಮಾನ್ಯವಾಗಿ ಮೊದಲೊಂದು ನಾಲ್ಕು ವರ್ಷದ ಪದವಿ, ಅನಂತರ ನಾಲ್ಕು ವರ್ಷದ ಪಶುವೈದ್ಯ ಶಿಕ್ಷಣ. ಮರಳಿ ಬಂದು ಇಲ್ಲಿ ವೃತ್ತಿ ನಡೆಸುವುದಿದ್ದರೆ, ಆ ಪದವಿಗೆ 1984ರ ಪಶುವೈದ್ಯ ಪರಿಷತ್ತಿನ ಕಾಯಿದೆಯಂತೆ ಮನ್ನಣೆ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ನಾವು ಹೇಳುವುದಿಷ್ಟೇ: ಅಲ್ಲಿಯವರು ಕೇಳುವ ಪ್ರಶ್ನೆಗಳಿಗೆ ಟಿಕೇಟು ಬೇಡ. ಆಯ್ಕೆಯ ಪಟ್ಟಿಯಲ್ಲಿ ಪಶುವೈದ್ಯವನ್ನು ಬರೆಯುವ ಮೊದಲು, ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲೇ ಆ ಸಂದರ್ಶನ ನಡೆಯಲಿ. ಇಲ್ಲಿಯ ಪದವಿಯೂ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ್ದು. ಸರಕಾರೀ ಕಾಲೇಜಿನ ಒಂದು ಸ್ಥಾನವನ್ನು ಒಬ್ಬನು ಮನಸ್ಸಿಲ್ಲದೆ ಹಿಡಿದನೆಂದರೆ, ಮನಸ್ಸಿದ್ದ ಇನ್ನೊಬ್ಬನು ಹೊರಗುಳಿದನೆಂದೇ ಅರ್ಥ.

ಅದಕ್ಕೆ ಸಿದ್ಧತೆ ಎಲ್ಲಿ? ಮುಂಬಯಿಯಲ್ಲಿದ್ದವರಿಗೆ ಪರೇಲ್ ದೂರವಿಲ್ಲ. 1886ರಲ್ಲಿ ಆರಂಭವಾದ ಬಾಂಬೆ ವೆಟರ್ನರಿ ಕಾಲೇಜು ಅಲ್ಲಿದೆ. ಅದರ ಆವರಣದಲ್ಲೇ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯಿದೆ. ಚೆನ್ನೈಯವರಿಗೆ ವೇಪೇರಿಯ 1903ರ ಕಾಲೇಜು, ಹೈದರಾಬಾದಿನವರಿಗೆ ರಾಜೇಂದ್ರನಗರದ್ದು. ಎಲ್ಲಕ್ಕಿಂತ ಮಿಗಿಲಾದುದು ಬೇಸಗೆಯ ರಜೆಯಲ್ಲಿ ಊರು. ಅಜ್ಜಿಯ ಹಟ್ಟಿಯಲ್ಲಿ ಹದಿನೈದು ದಿನ ಹಾಲು ಕರೆಯಲಿ, ಊರಿನ ಪಶುವೈದ್ಯರ ಅಪ್ಪಣೆ ಪಡೆದು ಅವರ ಹಿಂದೆ ನಾಲ್ಕು ದಿನ ತಿರುಗಲಿ, ಕಂಡುದನ್ನು ತಾರೀಖು ಸಹಿತ ನೋಟುಪುಸ್ತಕದಲ್ಲಿ ಬರೆದಿಡಲಿ. ಹಸು ಸುಮಾರು 280 ದಿನ ಗರ್ಭ ಧರಿಸುವುದು, ಎಮ್ಮೆ ಸುಮಾರು 310 ದಿನ ಎಂಬುದು ಪುಸ್ತಕದಲ್ಲಿದೆ. ಈಯಲು ಕಷ್ಟಪಡುವ ಹಸುವಿನ ಮುಂದೆ ಒಂದು ರಾತ್ರಿ ಕಂದೀಲು ಹಿಡಿದು ನಿಲ್ಲುವುದು ಪುಸ್ತಕದಲ್ಲಿಲ್ಲ. ಬೀದಿನಾಯಿಗಳ ಶುಶ್ರೂಷೆಗೆ ಹೋಗುವವರು ಮಾತ್ರ ರೇಬೀಸ್ ತಡೆ ಚುಚ್ಚುಮದ್ದಿನ ಬಗ್ಗೆ ಡಾಕ್ಟರರನ್ನು ಕೇಳಿಯೇ ಹೋಗಬೇಕು.

ಕರ್ನಾಟಕದ ಕಾಲೇಜುಗಳ ಆಸೆಯಿದ್ದವರಿಗೆ ಎರಡು ಮಾತು. ಕೃಷಿಕರ ಮಕ್ಕಳಿಗೆ ಮೀಸಲಾದ ಸ್ಥಾನಗಳಿಗೆ ಅಲ್ಲಿ ಪ್ರಾಯೋಗಿಕ ಪರೀಕ್ಷೆಯುಂಟು. ಬೀಜ, ಬೆಳೆ, ಉಪಕರಣ ಮೊದಲಾದುವನ್ನು ನೋಡಿ ಗುರುತಿಸಬೇಕು. ಸಂದರ್ಶನಕ್ಕೆ ಹತ್ತಿರವಾದುದು ನಮ್ಮಲ್ಲಿ ಇದೊಂದೇ. ಇನ್ನು, ಹೊರನಾಡು ಹಾಗೂ ಗಡಿನಾಡು ಕನ್ನಡಿಗರ ಮಕ್ಕಳಿಗೆ ಪ್ರತ್ಯೇಕ ನಿಯಮದಡಿ ಅರ್ಹತೆ ಕೊಡುವ ಪದ್ಧತಿಯಿದ್ದು, ಅವರು ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆಯಬೇಕಾಗುತ್ತದೆ. ಷರತ್ತುಗಳನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ಓದಿಕೊಳ್ಳಬೇಕು. ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡಿ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಕಲಿತ ಮಕ್ಕಳು ಜೀವಶಾಸ್ತ್ರದಲ್ಲಿ ತೊಂಬತ್ತು ಪಡೆದೂ ಕನ್ನಡದ ಒತ್ತಕ್ಷರದಲ್ಲಿ ಎಡವಿದರೆ ಆ ಬಾಗಿಲು ಮುಚ್ಚುವುದು. ಹತ್ತನೆಯ ತರಗತಿಯಲ್ಲಿರುವಾಗಲೇ ಇದನ್ನು ನೆನಪಿಡುವುದು ಒಳ್ಳೆಯದು.

ಹೆಣ್ಣುಮಗುವಿಗೆ ಈ ಕೆಲಸ ಸಲ್ಲುವುದೇ ಎಂದು ಕೇಳುವ ತಂದೆತಾಯಿಗಳು ಇನ್ನೂ ಇದ್ದಾರೆ. ಏಲೀನ್ ಕಸ್ಟ್ ಎಂಬ ಮಹಿಳೆ ಎಡಿನ್‌ಬರೋದಲ್ಲಿ ಪಶುವೈದ್ಯ ಶಿಕ್ಷಣವನ್ನು 1900ರಲ್ಲಿಯೇ ಮುಗಿಸಿದರು. ಹೆಣ್ಣೆಂಬ ಕಾರಣದಿಂದ ಅಂತಿಮ ಮನ್ನಣೆ ದೊರೆಯದೆ, ಐರ್ಲೆಂಡಿನ ಹಳ್ಳಿಗಳಲ್ಲಿ ದುಡಿದು, 1922ರಲ್ಲಿ ಬ್ರಿಟನ್ನಿನ ಪ್ರಥಮ ಅಧಿಕೃತ ಪಶುವೈದ್ಯೆಯಾದರು. ಇಂದು ಆ ದೇಶದ ಪಶುವೈದ್ಯ ಶಾಲೆಗಳಲ್ಲಿ ಹುಡುಗಿಯರೇ ಬಹುಸಂಖ್ಯಾಕರು. ಕರುವನ್ನು ಹೊರಗೆಳೆಯುವುದಕ್ಕೆ ರಟ್ಟೆಗಿಂತ ಕರುವಿನ ಕಾಲು ಎಲ್ಲಿ ಮಡಿಚಿದೆಯೆಂದು ಬೆರಳಿನಿಂದ ಅರಿಯುವ ಬುದ್ಧಿ ಹೆಚ್ಚು ಬೇಕು.

ಸಂದರ್ಶನ ಮುಗಿಯುವಾಗ ಪರೀಕ್ಷಕರು ಅನೇಕ ವೇಳೆ "ನಿನಗೆ ನಮ್ಮನ್ನು ಕೇಳುವುದೇನಾದರೂ ಇದೆಯೇ?" ಎನ್ನುವರು. ಕೊನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಸ್ವಂತ ಕೈಯಿಂದ ಚಿಕಿತ್ಸೆ ಮಾಡುವ ಅವಕಾಶ ಎಷ್ಟು ಎಂದು ಕೇಳುವುದು ಒಳ್ಳೆಯ ಪ್ರಶ್ನೆ. ಭಾನುವಾರದ ಮನೆಯ ಸಂದರ್ಶನದಲ್ಲಿಯೂ ಈ ಸರದಿ ತಪ್ಪಬಾರದು. ಬೀದರದ ಯಾವುದೋ ಹಳ್ಳಿಯಲ್ಲಿ ಕೆಲಸ ಸಿಕ್ಕಿದರೆ ಒಬ್ಬಳೇ ಇರಲು ಬಿಡುವಿರಾ ಅಪ್ಪಾ, ಎಂದು ಮಗಳು ಕೇಳಿಯಾಳು. ಉತ್ತರವನ್ನು ತಂದೆ ಮೊದಲೇ ಯೋಚಿಸಿಟ್ಟಿರಲಿ.