ಕರ್ನಲ್ ಕುಸಿಯುವಾಗ ಕೊನೆಯ ಸಾಲು ಹೊರಬರಬೇಕು

ಅಮೆಜಾನ್ ವೆಬ್ ಸರ್ವಿಸಸ್ 2019ರ ಜುಲೈನಲ್ಲಿ ಬಹ್ರೇನ್‌ನಲ್ಲಿ ಡೇಟಾ ಸೆಂಟರ್ ವಲಯ ತೆರೆಯಿತು; ಕೊಲ್ಲಿ ದೇಶಗಳಲ್ಲಿ ಅದರ ಮೊದಲ ವಲಯ ಅದು. ಅಲ್ಲಿ ಲಿನಕ್ಸ್ ಸರ್ವರ್ ಬಾಡಿಗೆಗೆ ಪಡೆದವರು ಯಂತ್ರವನ್ನು ಕಣ್ಣಾರೆ ಕಾಣುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಕುಸಿದರೆ ಲಾಗಿನ್ ಆಗಲು ಬರುವುದಿಲ್ಲ. ಡಿಸ್ಕಿನ ಲಾಗ್ ಫೈಲಿನಲ್ಲೂ ಕೊನೆಯ ಸಾಲುಗಳು ಸಿಗುವುದು ಅನುಮಾನ, ಅವನ್ನು ಬರೆಯಬೇಕಾದ ಪ್ರೋಗ್ರಾಮೇ ನಿಂತುಹೋಗಿರುತ್ತದೆ. ಉಳಿಯುವುದು ಕನ್ಸೋಲ್ ಲಾಗ್, ಅದೂ ಕೊನೆಯ 64 ಕೆಬಿ.

ಆ ಸಾಲುಗಳನ್ನು ಬರೆಯುವುದು ಕರ್ನಲ್‌ನ ಪ್ರಿಂಟ್‌ಕೆ. ಅದು ಸಂದೇಶವನ್ನು ಮೊದಲು ಮೆಮೊರಿಯ ರಿಂಗ್ ಬಫರ್‌ಗೆ ಹಾಕುತ್ತದೆ, ಆಮೇಲೆ ಕನ್ಸೋಲ್‌ಗೆ ಕಳಿಸುತ್ತದೆ. ಮೊದಲನೆಯದು ಕ್ಷಣಾರ್ಧದ ಕೆಲಸ. ತೊಡಕಿರುವುದು ಎರಡನೆಯದರಲ್ಲಿ. ಕನ್ಸೋಲ್ ಆಗಿ ಬಳಸುವ 1,15,200 ಬಾಡ್‌ನ ಸೀರಿಯಲ್ ಪೋರ್ಟ್ ಸೆಕೆಂಡಿಗೆ 11,520 ಅಕ್ಷರ ಸಾಗಿಸುತ್ತದೆ. 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್. ಅಷ್ಟರಲ್ಲಿ 3 ಗಿಗಾಹರ್ಟ್ಸ್ ಪ್ರೊಸೆಸರ್ ಎರಡು ಕೋಟಿ ಸೈಕಲ್ ದಾಟಿರುತ್ತದೆ. ಹಳೆಯ ಪದ್ಧತಿಯಲ್ಲಿ ಕನ್ಸೋಲ್ ಲಾಕ್ ಹಿಡಿದ ಸಿಪಿಯು ಉಳಿದವುಗಳ ಸಂದೇಶಗಳನ್ನೂ ತಾನೇ ಬರೆದು ಮುಗಿಸಬೇಕಿತ್ತು. ಸಂದೇಶಗಳು ಸುರಿಯುತ್ತಲೇ ಇದ್ದರೆ ಅದಕ್ಕೆ ಬಿಡುಗಡೆಯೇ ಇಲ್ಲ. ಆಗ ಸಿಪಿಯುಗಳ ಮೇಲೆ ಕಣ್ಣಿಡುವ ವಾಚ್‌ಡಾಗ್ ‘ಈ ಸಿಪಿಯು ಸಿಕ್ಕಿಬಿದ್ದಿದೆ’ ಎಂದು ಇನ್ನಷ್ಟು ಸಾಲು ಸೇರಿಸುತ್ತಿತ್ತು.

ಹಾಗಾದರೆ ಬರೆಯುವ ಕೆಲಸವನ್ನು ಬೇರೆ ಥ್ರೆಡ್‌ಗೆ ವಹಿಸಬಹುದಲ್ಲ? ವಹಿಸಬಹುದು, ಯಂತ್ರ ಹಗುರಾಗುತ್ತದೆ. ಆದರೆ ಕರ್ನಲ್ ಕುಸಿದಾಗ ಆ ಥ್ರೆಡ್‌ಗೆ ಸರದಿ ಬರುವುದೇ ಇಲ್ಲ. ಕಾರಣ ಹೇಳುವ ಸಾಲು ಮೆಮೊರಿಯಲ್ಲೇ ಅಳಿಯುತ್ತದೆ. ನಿಧಾನವಾದರೂ ಹೊರಬಂದ ಸಂದೇಶ, ವೇಗವಾಗಿ ಕಳೆದುಹೋದದ್ದಕ್ಕಿಂತ ಮೇಲು ಎಂದೇ ನನ್ನ ನಂಬಿಕೆ.

ಈ ಇಕ್ಕಟ್ಟಿಗೆ ಪರಿಹಾರ ಬರಲು ವರ್ಷಗಳೇ ಹಿಡಿದವು. ಜಾನ್ ಓಗ್ನೆಸ್ ಬರೆದ, ಲಾಕ್ ಬೇಡದ ರಿಂಗ್ ಬಫರ್ 2020ರ ಡಿಸೆಂಬರ್‌ನಲ್ಲಿ ಕರ್ನಲ್‌ನ 5.10 ಆವೃತ್ತಿಯೊಂದಿಗೆ ಬಂತು. ಹೊಸ ಬಗೆಯ ಕನ್ಸೋಲ್‌ಗಳಲ್ಲಿ ಮಾಮೂಲಿ ಹೊತ್ತಿನಲ್ಲಿ ಥ್ರೆಡ್ ಬರೆಯುತ್ತದೆ. ಪ್ಯಾನಿಕ್, ಅಂದರೆ ಕರ್ನಲ್ ಕುಸಿತ, ಆದರೆ ಕುಸಿಯುತ್ತಿರುವ ಸಿಪಿಯು ಕನ್ಸೋಲನ್ನು ಕಸಿದುಕೊಂಡು ತಾನೇ ಬರೆಯುತ್ತದೆ. ಈ ಕೆಲಸ ಹದಕ್ಕೆ ಬಂದ ಮೇಲೆಯೇ 2024ರ ನವೆಂಬರ್‌ನ 6.12ರಲ್ಲಿ, ನಿಗದಿತ ಸಮಯದೊಳಗೆ ಸ್ಪಂದಿಸಬೇಕಾದ ಕೆಲಸಗಳಿಗಾಗಿರುವ ರಿಯಲ್‌ಟೈಮ್ ಲಿನಕ್ಸ್ ಮುಖ್ಯ ಕರ್ನಲ್ ಸೇರಿತು.

ಸರ್ವರ್ ನೋಡಿಕೊಳ್ಳುವವರು ಬೂಟ್ ಆಯ್ಕೆಗಳಲ್ಲಿ ಸೀರಿಯಲ್ ಪೋರ್ಟನ್ನು ಕನ್ಸೋಲ್ ಎಂದು ಕೊಟ್ಟಿರಬೇಕು. ಕನ್ಸೋಲ್‌ಗೆ ಎಚ್ಚರಿಕೆ ಮತ್ತು ದೋಷಗಳಷ್ಟೇ ಹೋದರೆ ಸಾಕು. ಉಳಿದವು ರಿಂಗ್ ಬಫರ್‌ನಲ್ಲಿದ್ದು ಡಿಮೆಸೇಜ್ ಆಜ್ಞೆಗೆ ಸಿಗುತ್ತವೆ. ಡ್ರೈವರ್ ಬರೆಯುವವರು ಮರುಕಳಿಸುವ ಸಂದೇಶಕ್ಕೆ ಮಿತಿ ಹಾಕಲೇಬೇಕು. 1,15,200 ಬಾಡ್‌ನಲ್ಲೇ ಒಂದೇ ಸಾಲು ಮತ್ತೆ ಮತ್ತೆ ಬಂದರೂ ಆ 64 ಕೆಬಿ ಆರು ಸೆಕೆಂಡಿನೊಳಗೆ ತುಂಬಿ, ಬೇಕಾದ ಸಾಲು ಆಚೆ ಹೋಗಿಬಿಡುತ್ತದೆ.